ಅರ್ಧ ಸ್ವರ ಕೆಳಗೆ

ಕಳೆದ ತಿಂಗಳು ನಮ್ಮ ಕಾರ್ಖಾನೆಯಲ್ಲಿ ಎಲ್ಲರ ಕಿವಿ ಪರೀಕ್ಷೆ ಮಾಡಿದರು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ನಮ್ಮ ಶೆಡ್ಡಿನ ಎದುರು ಒಂದು ವ್ಯಾನು ಬಂದು ನಿಂತಿತ್ತು. ಅದರೊಳಗೆ ಒಬ್ಬರೇ ಕೂಡುವಷ್ಟು ಸಣ್ಣ ಕೋಣೆ, ಗೋಡೆಗೆಲ್ಲ ಸ್ಪಂಜು. ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದ ಕೂಡಲೇ ಒತ್ತಬೇಕೆಂದು ಒಬ್ಬ ಹುಡುಗಿ ಹೇಳಿ ಬಾಗಿಲು ಹಾಕಿದಳು. ಬಲಗಿವಿ ಬೇಗ ಮುಗಿಯಿತು. ಎಡಗಿವಿಯ ಪಾಳಿ ಬಂದಾಗ ಬಹಳ ಹೊತ್ತು ಏನೂ ಕೇಳಲಿಲ್ಲ. ಆ ಮೌನದಲ್ಲಿ ಗುಂಡಿ ಹಿಡಿದು ಕೂತವನಿಗೆ ಅಂಗೈ ಉರಿಯತೊಡಗಿತು. ಹೊರಗೆ ಬಂದ ಮೇಲೆ ಎಡಗಿವಿ ಒಂದಿಷ್ಟು ಮಂದವಾಗಿದೆ, ತಗಡು ಒತ್ತುವ ಪ್ರೆಸ್ಸಿನ ಮುಂದೆ ಹದಿನಾರು ವರ್ಷ ನಿಂತವರಿಗೆ ಇದು ಸಹಜ ಎಂದಳು ಆ ಹುಡುಗಿ. ನನಗೆ ಅದರ ಚಿಂತೆ ಆಗಲಿಲ್ಲ. ಎಡಗಿವಿ ಎಂದರೆ ನನಗೆ ನೆನಪಾಗುವುದು ಗೌಸುಸಾಬರದು. ಅದನ್ನು ಕೆಡಿಸಿದವನು ನಾನು. ಆ ಮಳೆಗಾಲದಲ್ಲಿ ಏನಾಯಿತೆಂದು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ.

ಒಂಬತ್ತು ವರ್ಷದ ಹಿಂದಿನ ಮಾತು. ನನಗಾಗ ಇಪ್ಪತ್ತೇಳು. ಧಾರವಾಡದ ಸಪ್ತಾಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದೆ. ಸುತ್ತಲಿನ ಕೋಣೆಗಳಲ್ಲೆಲ್ಲ ಪರೀಕ್ಷೆಗೆ ಓದುವ ಹುಡುಗರು, ನಡುವೆ ನಾನೊಬ್ಬ ಎಣ್ಣೆ ಕೈಯವನು. ಧಾರವಾಡದ ಮಳೆ ಎಂದರೆ ದಿನಗಟ್ಟಲೆ ಜಿಟಿಜಿಟಿ ಹಿಡಿಯುವ ಮಳೆ ಎಂದೇ ಎಲ್ಲರ ಲೆಕ್ಕ. ಆ ವರ್ಷದ್ದು ಬೇರೆ ಜಾತಿಯದು. ಜೂನ್ ಮೊದಲ ವಾರದಲ್ಲೇ ಗಾಳಿ ಕಟ್ಟಿಕೊಂಡು ಬಂದು ನಮ್ಮ ಶೆಡ್ಡಿನ ಎರಡು ತಗಡು ಕಿತ್ತು ಹಾರಿಸಿತು. ಅದರಲ್ಲೊಂದು ಕ್ಯಾಂಟೀನಿನವನ ಭುಜ ಸೀಳಿತು. ಸಪ್ತಾಪುರದ ರಸ್ತೆಯಲ್ಲಿ ಮರ ಉರುಳಿ ನಿಲ್ಲಿಸಿದ್ದ ಆರೇಳು ಬೈಕುಗಳು ಅಪ್ಪಚ್ಚಿಯಾದವು. ಒಳಗೆ ನೂರು ಟನ್ನಿನ ಪ್ರೆಸ್ಸು, ಹೊರಗೆ ತಗಡಿನ ಮೇಲೆ ಮಳೆ. ಇಡೀ ಪಾಳಿ ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ, ಬರೀ ಕಿರುಚಾಡುತ್ತಿದ್ದೆವು.

ನಾನು ಮೊದಲೇ ಸಿಟ್ಟಿನ ಮನುಷ್ಯ. ಆ ಬೇಸಿಗೆಯಲ್ಲಿ ಒಬ್ಬ ಸೂಪರ್‌ವೈಸರನ ಮೂಗು ಒಡೆದು ಎಚ್ಚರಿಕೆಯ ಪತ್ರ ತೆಗೆದುಕೊಂಡಿದ್ದೆ. ಇನ್ನೊಮ್ಮೆ ಕೈ ಎತ್ತಿದರೆ ಮನೆಗೆ ಹೋಗಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಈ ಸಿಟ್ಟು ನನ್ನೂರು ಗರಗದ ಮನೆಯಿಂದ ಬಂದದ್ದು. ಅಪ್ಪ ಸೋಮವಾರ ಸೋಮವಾರ ಮಠದಲ್ಲಿ ಭಜನೆಗೆ ಕೂತರೆ ಕಣ್ಣಲ್ಲಿ ನೀರು ಸುರಿಸಿ ಹಾಡುತ್ತಿದ್ದ. ಅಂಥ ಕಂಠ ಊರಲ್ಲೇ ಇರಲಿಲ್ಲ. ಅದೇ ಕಣ್ಣೀರು ಒರೆಸಿಕೊಂಡು ಮನೆಗೆ ಬಂದು, ಅನ್ನ ಆರಿದೆ ಎಂದು ಅವ್ವನನ್ನು ಎತ್ತಿನ ಹಗ್ಗದಲ್ಲಿ ಬಡಿಯುತ್ತಿದ್ದ. ಅವ್ವ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದಳು; ಬಾಸುಂಡೆ ಎದ್ದ ಕೈಯಲ್ಲೇ ಮರುದಿನ ನೂಲಲು ಹೋಗುತ್ತಿದ್ದಳು. ಹಾಡು ಮನುಷ್ಯನನ್ನು ಮೆತ್ತಗೆ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಚಿಕ್ಕಂದಿನಿಂದಲೂ ನಗು. ಅಪ್ಪನ ಕಂಠ ನನಗೆ ಬಂದಿತ್ತು. ಕೈಯೂ ಬಂದಿತ್ತು.

ದೇವಪುತ್ರ ಸರ್ ನನ್ನನ್ನು ಮೊದಲು ನೋಡಿದ್ದು ನಾನು ಬೀದಿಯಲ್ಲಿ ಮನೆ ಮಾಲಕರ ಜೊತೆ ನೀರಿಗಾಗಿ ಜಗಳ ಮಾಡುತ್ತಿದ್ದಾಗ. ಅವರು ಎದುರು ಮನೆಯವರು, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದವರು. ಛತ್ರಿ ಹಿಡಿದು ಜಗಳ ಮುಗಿಯುವವರೆಗೂ ಮಳೆಯಲ್ಲಿ ನಿಂತಿದ್ದರು. ಬಿಡಿಸಲು ನಿಂತಿದ್ದಾರೆ ಅಂದುಕೊಂಡಿದ್ದೆ. ಎಲ್ಲ ತಣ್ಣಗಾದ ಮೇಲೆ ಹತ್ತಿರ ಬಂದು, ಹಾಡಲು ಬರುತ್ತದೆಯೇ ಎಂದು ಕೇಳಿದರು. ಅವರಿಗೆ ಕೆಳಗಿನ ಸ್ವರದಲ್ಲಿ ಗುಡುಗುವ ಗಂಡುದನಿ ಬೇಕಿತ್ತಂತೆ. ಮೂರು ತಿಂಗಳಿಂದ ಹುಡುಕುತ್ತಿದ್ದರಂತೆ.

ಅವರ ಕನಸು ಇದು. ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಕಟ್ಟಿದ ಒಂದು ದೊಡ್ಡ ಹಾಡು, ತಾಸುಗಟ್ಟಲೆ ನಡೆಯುವಂಥದ್ದು. ಅದರ ವಿಷಯ ಸಂಗೀತದ ಶಕ್ತಿಯ ಸ್ತುತಿ. ವಾದ್ಯಗಾರನೊಬ್ಬ ಗೆದ್ದ ರಾಜನ ಮುಂದೆ ಕೂತು ನುಡಿಸುತ್ತಾನೆ. ಒಂದು ರಾಗಕ್ಕೆ ರಾಜ ಉಬ್ಬುತ್ತಾನೆ, ಒಂದಕ್ಕೆ ಅಳುತ್ತಾನೆ, ಒಂದಕ್ಕೆ ಮೋಹಗೊಳ್ಳುತ್ತಾನೆ. ಆಮೇಲೆ ನಗಾರಿ, ತುತ್ತೂರಿ ಎದ್ದು ರಾಜನ ಸಿಟ್ಟು ಕೆರಳಿ ಊರಿಗೇ ಬೆಂಕಿ ಬೀಳುತ್ತದೆ. ಕೊನೆಯಲ್ಲಿ ಎಲ್ಲವನ್ನೂ ತಣಿಸುವ ಒಂದು ಶಾಂತ ಕೋರಸ್. ಸರ್ ಮೂವತ್ತರ ಹರೆಯದಲ್ಲಿ ಇದರ ರೆಕಾರ್ಡ್ ಕೊಂಡು ನಲವತ್ತು ವರ್ಷ ಕೇಳಿದ್ದರು. ಧಾರವಾಡದ ಬಾಯಲ್ಲಿ ಇದನ್ನೊಮ್ಮೆ ಹಾಡಿಸಿಯೇ ಕಣ್ಣು ಮುಚ್ಚಬೇಕೆಂದು ಹಟ ತೊಟ್ಟಿದ್ದರು. ಗಂಡುದನಿಗೆ ಧಾರವಾಡದ ನಾವು ಹನ್ನೊಂದು ಜನ: ಇಬ್ಬರು ಮಾಸ್ತರರು, ಬ್ಯಾಂಕಿನ ಗುಮಾಸ್ತರು, ಚರ್ಚಿನವರು, ನಾನು. ಹೆಣ್ಣುದನಿಗೆ ಹುಬ್ಬಳ್ಳಿಯ ನರ್ಸುಗಳು ಹದಿನಾಲ್ಕು ಜನ. ಅವರ ಮುಂದಾಳು ಸುಜಾತಾ ಸಿಸ್ಟರ್.

ಇಂಗ್ಲಿಷ್ ಸಾಲುಗಳನ್ನು ನಾನು ಕನ್ನಡ ಅಕ್ಷರದಲ್ಲಿ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಪ್ರೆಸ್ಸಿನ ಬಡಿತಕ್ಕೆ ತಾಳ ಹಾಕಿ ಬಾಯಿಪಾಠ ಮಾಡಿದೆ. ಜೊತೆಯವರು ನನಗೆ ಪಾದ್ರಿ ಎಂದು ಹೆಸರಿಟ್ಟರು. ಸಿಟ್ಟಿನ ಕೋರಸ್ ಬಂದಾಗ ಸರ್ ನನ್ನ ಮುಂದೆಯೇ ಬಂದು ನಿಲ್ಲುತ್ತಿದ್ದರು. ಮೈಯೆಲ್ಲ ನಡುಗಿಸಿಕೊಂಡು, ಇನ್ನೂ, ಇನ್ನೂ ಎನ್ನುತ್ತಿದ್ದರು. ಯಾರನ್ನು ಹೊಡೆಯಬೇಕೆಂದು ಅನಿಸುತ್ತದೆಯೋ ಅವರ ಮುಖ ನೆನಪಿಸಿಕೊಂಡು ಹಾಡು, ಹಾಡಿನಲ್ಲಿ ಸುರಿದರೆ ಸಿಟ್ಟು ಅಲ್ಲೇ ಖಾಲಿಯಾಗುತ್ತದೆ ಎಂದು ಅವರ ವಾದ. ನಾನು ಅಪ್ಪನ ಮುಖ ನೆನಪಿಸಿಕೊಳ್ಳುತ್ತಿದ್ದೆ. ಖರೇ ಹೇಳಬೇಕೆಂದರೆ, ಆ ಜುಲೈ ತಿಂಗಳಿಡೀ ನಾನು ಕಾರ್ಖಾನೆಯಲ್ಲಿ ಯಾರ ಮೇಲೂ ಕೈ ಮಾಡಲಿಲ್ಲ. ಸರ್ ಹೇಳುವುದು ನಿಜವಿರಬಹುದು ಎಂದು ನನಗೇ ಅನಿಸಿತ್ತು.

ನಮಗೆ ವಾದ್ಯವೃಂದ ಎಲ್ಲಿಂದ ಬರಬೇಕು? ಪಿಟೀಲು, ತುತ್ತೂರಿ, ನಗಾರಿ ಎಲ್ಲ ಸೇರಿ ನಲವತ್ತು ಜನ ಬೇಕಂತೆ. ಅದಕ್ಕೆ ಸರ್ ಒಂದು ದಾರಿ ಹುಡುಕಿದ್ದರು. ವೇದಿಕೆ ಮೇಲೆ ರೆಕಾರ್ಡ್ ಹಚ್ಚುವುದು, ಅದರ ಮೇಲೆ ನಾವು ಹಾಡುವುದು. ಅವರ ಹಳೆಯ ಪ್ಲೇಟು ನಲವತ್ತು ವರ್ಷದ ಮುಳ್ಳಿಗೆ ಸವೆದು ಸಿಟ್ಟಿನ ಕೋರಸ್ಸಿನಲ್ಲೇ ಹಾರುತ್ತಿತ್ತು. ವಿದೇಶದಲ್ಲಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಅದೇ ಹಾಡಿನ ಬೇರೆ ತಂಡದ ರೆಕಾರ್ಡ್ ಕಳಿಸಿದಳು. ಆ ತಂಡದವರು ಮುನ್ನೂರು ವರ್ಷದ ಹಿಂದಿನ ರೀತಿಯ ವಾದ್ಯಗಳನ್ನೇ ಹಿಡಿದು ನುಡಿಸಿದ್ದರಂತೆ. ಅದನ್ನೇ ಫೋನಿಗೂ ಕಳಿಸಿದ್ದಳು. ಹುಬ್ಬಳ್ಳಿಯ ನರ್ಸುಗಳು ಫೋನಿನಲ್ಲಿ ಹಚ್ಚಿಕೊಂಡು ಕಲಿಯುವುದು, ಧಾರವಾಡದ ನಾವು ಸರ್ ಮನೆಯ ರೆಕಾರ್ಡ್ ಮಷೀನಿನಲ್ಲಿ ಕಲಿಯುವುದು ಎಂದು ತೀರ್ಮಾನವಾಯಿತು.

ಹೊಸ ಪ್ಲೇಟು ಮೊದಲ ಸಲ ಹಚ್ಚಿದಾಗಲೇ ಸರ್ ಮುಖ ಹುಳ್ಳಗೆ ಮಾಡಿದರು. ಅವರ ಮನೆಯಲ್ಲಿ ಒಂದು ಹಳೆಯ ಪೇಟಿ ಇತ್ತು, ಹಾರ್ಮೋನಿಯಂ. ಹಳೆಯ ರೆಕಾರ್ಡಿನ ಮೊದಲ ಸ್ವರ ಅದರ ಯಾವ ಪಟ್ಟಿಗೆ ಕೂಡುತ್ತದೆಂದು ಅವರು ಎಂದೋ ಸೀಸದ ಕಡ್ಡಿಯಲ್ಲಿ ಗುರುತು ಹಾಕಿದ್ದರು. ಹೊಸದು ಆ ಗುರುತಿಗೆ ಕೂಡಲಿಲ್ಲ, ಅರ್ಧ ಸ್ವರ ಕೆಳಗೆ ಬಂತು. ಹಾಡು ಒಂದೇ, ಸ್ವರಲಿಪಿ ಒಂದೇ, ಅಂದಮೇಲೆ ಮಷೀನೇ ನಿಧಾನ ತಿರುಗಿ ಸ್ವರ ಇಳಿಸುತ್ತಿದೆ ಎಂದು ಸರ್ ಹೇಳಿದರು. ನಮಗೂ ಅದು ಸರಿ ಅನಿಸಿತು; ಹಳೆಯದನ್ನೇ ಇನ್ನೊಮ್ಮೆ ಹಚ್ಚಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಾನು ಮಷೀನನ್ನೂ ಹೊಸ ಪ್ಲೇಟನ್ನೂ ಗೋಣಿಚೀಲದಲ್ಲಿ ಸುತ್ತಿ ಬೈಕಿನ ಮೇಲೆ ಇಟ್ಟುಕೊಂಡೆ, ಸರ್ ಹಿಂದೆ ಕೂತರು. ಮಳೆಯಲ್ಲೇ ಮಾರ್ಕೆಟ್ ಹಿಂದಿನ ಗಲ್ಲಿಗೆ ಹೋದೆವು.

ಗೌಸುಸಾಬರ ಅಂಗಡಿ ಎಂದರೆ ಒಂದು ಮಂಚ ಹಿಡಿಯುವಷ್ಟು ಜಾಗ. ರೇಡಿಯೋ, ಆಂಪ್ಲಿಫಯರ್, ಹಳೆಯ ರೆಕಾರ್ಡ್ ಮಷೀನು ಎಲ್ಲ ಅವರ ಕೈಗೆ ಬರುತ್ತಿದ್ದವು. ಊರಿನ ಹಾಡುಗಾರರು ತಂತಮ್ಮ ಶ್ರುತಿಪೆಟ್ಟಿಗೆಯನ್ನು ಕಣ್ಣುಮುಚ್ಚಿ ನಂಬಿ ಕೊಟ್ಟು ಹೋಗುತ್ತಿದ್ದರು. ಐವತ್ತೈದು ವಯಸ್ಸು, ತೆಳ್ಳಗಿನ ಆಳು, ಮೆಲುಮಾತು. ಅವರದೊಂದು ಪದ್ಧತಿ ಇತ್ತು. ಯಾವ ಮಷೀನು ಬಿಚ್ಚಿದರೂ ಮುಚ್ಚುವ ಮೊದಲು ಅದರ ತಳದ ಹಲಗೆಯ ಒಳಮೈಯಲ್ಲಿ ಪೆನ್ಸಿಲಿನಿಂದ ಎರಡು ಸಾಲು ಬರೆಯುವುದು: ಏನು ಕೆಟ್ಟಿತ್ತು, ತಾವು ಏನು ಮಾಡಿದರು. ಕೆಳಗೆ ಸಹಿ. ಯಾಕೆಂದು ಸರ್ ಕೇಳಿದಾಗ, "ನಾಳೆ ಇನ್ನೊಬ್ಬಾಂವ ಬಿಚ್ಚಿದ್ರ ಅವಗ ತಿಳೀಬೇಕಲ್ರಿ, ನಾ ಏನ್ ಮಾಡೇನಿ ಅಂತ" ಎಂದರು.

ಅವರು ಪ್ಲೇಟಿನ ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ, ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಸುತ್ತು ಎಣಿಸಿದರು. ನಿಮಿಷಕ್ಕೆ ಮೂವತ್ತಮೂರು ಸುತ್ತು, ಮೇಲೆ ಮೂರರಲ್ಲೊಂದು ಪಾಲು; ಇಂಥ ಪ್ಲೇಟು ತಿರುಗಬೇಕಾದ ವೇಗ ಅದೇ. ಆಮೇಲೆ ಮುಳ್ಳು ಇಟ್ಟು ತಲೆ ಎಡಕ್ಕೆ ವಾಲಿಸಿ ಕಣ್ಣುಮುಚ್ಚಿ ಕೇಳಿದರು. ಎಡಗಿವಿಯನ್ನು ಮಷೀನಿನ ಹತ್ತಿರ ತರುವುದು ಅವರ ರೂಢಿ.

"ಮಷೀನ್ ಬರೋಬ್ಬರಿ ಐತ್ರಿ ಸರ," ಎಂದರು. "ರೆಕಾರ್ಡಿನ ಮಂದೀನ ಅರ್ಧ ಸ್ವರ ಇಳಿಸಿ ಬಾರಿಸ್ಯಾರ. ನಮ್ಮ ಹಾಡೋ ಮಂದಿ ತಮ್ಮ ಕಂಠ ನೋಡ್ಕೊಂಡು ಪಟ್ಟಿ ಹಿಡಿಯೂದಿಲ್ಲೇನ್ರಿ? ಹಂಗ."

ಸರ್ ಒಪ್ಪಲಿಲ್ಲ. ಇದು ನಮ್ಮ ಸಂಗೀತವಲ್ಲ, ಅಲ್ಲಿ ಸ್ವರ ಎಂದರೆ ಸ್ವರ, ಅದನ್ನು ಮನಸ್ಸಿಗೆ ಬಂದಂತೆ ಇಳಿಸುವುದಿಲ್ಲ ಎಂದು ತಿಳಿಸಿ ಹೇಳಿದರು. ಗೌಸುಸಾಬರು ಇನ್ನೊಮ್ಮೆ ಸುತ್ತು ಎಣಿಸಿ ತೋರಿಸಿದರು. ಆಗ ನಾನು ಬಾಯಿ ಹಾಕಿದೆ. ನಲವತ್ತು ವರ್ಷ ಕೇಳಿದವರಿಗೆ ಕಲಿಸಲು ಬರುತ್ತೀಯಾ, ಹೇಳಿದಷ್ಟು ಮಾಡು ಎಂದು ಏಕವಚನದಲ್ಲೇ ಅಂದೆ. ನನ್ನಪ್ಪನ ವಯಸ್ಸಿನವರು. ಅವರು ಒಂದು ಗಳಿಗೆ ನನ್ನನ್ನು ನೋಡಿದರು. ಮೋಟರಿನ ಬುಡದ ಸಣ್ಣ ಸ್ಕ್ರೂ ತಿರುವಿ, ಅಂಗಡಿಗೆ ದುರಸ್ತಿಗೆ ಬಂದಿದ್ದ ಪೇಟಿಯಲ್ಲಿ ಸರ್ ಒತ್ತಿ ತೋರಿಸಿದ ಸ್ವರಕ್ಕೆ ಕೂಡುವವರೆಗೂ ವೇಗ ಏರಿಸಿ, ಒಳಗೆ ಏನೋ ಬರೆದು ಹಲಗೆ ಮುಚ್ಚಿ ಕೊಟ್ಟರು. ಏನು ಬರೆದರೆಂದು ನಾವು ನೋಡಲಿಲ್ಲ.

ಆಗಸ್ಟ್ ಇಡೀ ನಾವು ಆ ಏರಿಸಿದ ವೇಗಕ್ಕೆ ಹಾಡಿದೆವು. ನಮಗದು ಹಿಡಿಸಿತು ಕೂಡ. ಸಿಟ್ಟಿನ ಕೋರಸ್ ಅಂತೂ ಬೆನ್ನ ಹಿಂದೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಿತ್ತು. ಹುಬ್ಬಳ್ಳಿಯವರೊಂದಿಗೆ ಒಟ್ಟಿಗೆ ಅಭ್ಯಾಸ ಮಾಡಲು ಎರಡು ಸಲ ದಿನ ಗೊತ್ತುಮಾಡಿದ್ದೆವು. ಒಮ್ಮೆ ಮಳೆಗೆ ರಸ್ತೆ ಕಟ್ಟಿತು, ಒಮ್ಮೆ ನರ್ಸುಗಳಿಗೆ ಡ್ಯೂಟಿ ಬದಲಾಯಿತು. ಸರ್ ತಲೆ ಕೆಡಿಸಿಕೊಳ್ಳಲಿಲ್ಲ. ರೆಕಾರ್ಡ್ ಒಂದೇ ಇರುವಾಗ ಹೆದರಿಕೆ ಏನು ಎಂದರು.

ಸೆಪ್ಟೆಂಬರಿನ ಒಂದು ಭಾನುವಾರ ಸಂಜೆ ಹುಬ್ಬಳ್ಳಿಯ ಒಂದು ಸಭಾಭವನದಲ್ಲಿ ಕಾರ್ಯಕ್ರಮ. ಮುನ್ನೂರು ಜನ ಸೇರಿದ್ದರು. ಸರ್ ಅಳಿಯ ಕೊಡಿಸಿದ್ದ ಕರಿ ಕೋಟು ಹಾಕಿಕೊಂಡು ಮದುಮಗನ ಕಳೆಯಲ್ಲಿದ್ದರು. ಮಷೀನನ್ನು ದೊಡ್ಡ ಸ್ಪೀಕರಿಗೆ ಜೋಡಿಸಿ ಮುಳ್ಳು ಇಟ್ಟರು. ಮೊದಲ ಸಾಲಿನಲ್ಲೇ ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿದರು. ಅವರು ಫೋನಿನಲ್ಲಿ ಎರಡು ತಿಂಗಳು ಕಲಿತ ಹಾಡು ಕೆಳಗಿನದು, ನಿಧಾನದ್ದು. ಇದು ಮೇಲಿತ್ತು, ಓಡುತ್ತಿತ್ತು. ಕೆಲವರು ರೆಕಾರ್ಡನ್ನು ಹಿಡಿಯಲು ಓಡಿದರು, ಕೆಲವರು ಕಲಿತದ್ದನ್ನೇ ಹಿಡಿದು ನಿಂತರು. ಹೇಗೋ ನಾಲ್ಕು ಹಾಡು ದಾಟಿದೆವು. ಸಿಟ್ಟಿನ ಕೋರಸ್ ಬಂತು. ನಗಾರಿ ಬಿದ್ದ ಕೂಡಲೇ ನಾವು ಹನ್ನೊಂದು ಜನ ಗಂಡಸರು ನುಗ್ಗಿದೆವು. ಸುಜಾತಾ ಸಿಸ್ಟರ್ ಎಲ್ಲಕ್ಕಿಂತ ಮೇಲಿನ ಸ್ವರಕ್ಕೆ ಕತ್ತು ಎತ್ತಿದರು; ಅವರು ಕಲಿತ ಜಾಗಕ್ಕಿಂತ ಅದು ಅರ್ಧ ಸ್ವರ ಮೇಲಿತ್ತು. ದನಿ ಸೀಳಿ, ಬಟ್ಟೆ ಹರಿದಂಥ ಸದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಸಿಸ್ಟರ್ ಮುಖ ಮುಚ್ಚಿಕೊಂಡು ಇಳಿದು ಹೋದರು. ಸರ್ ಎರಡೂ ಕೈ ಮೇಲೆತ್ತಿದವರು ಹಾಗೇ ನಿಂತಿದ್ದರು. ಸ್ಪೀಕರಿನಲ್ಲಿ ಆ ದೂರದ ದೇಶದವರು ಮಾತ್ರ ಹಾಡುತ್ತಿದ್ದರು. ಕೊನೆಯ ಶಾಂತ ಕೋರಸ್ಸಿನವರೆಗೆ ನಾವು ಹೋಗಲೇ ಇಲ್ಲ.

ಧಾರವಾಡಕ್ಕೆ ವಾಪಸು ಬರುವಾಗ ವ್ಯಾನಿನಲ್ಲಿ ಸರ್ ಒಂದೇ ಮಾತಾಡಿದರು: ಮಷೀನಿನ ವೇಗ ತಪ್ಪಿತ್ತು. ಅಷ್ಟೇ ಅಂದದ್ದು. ಆ ರಾತ್ರಿ ನನ್ನ ತಲೆಯಲ್ಲಿ ನಗಾರಿ ನಿಲ್ಲಲಿಲ್ಲ. ಎರಡು ತಿಂಗಳು ಸಿಟ್ಟನ್ನು ಮೇಲಕ್ಕೆ ತಂದು ತಂದು ಹಾಡಿನಲ್ಲಿ ಸುರಿದಿದ್ದೆ. ಆ ದಿನ ಸುರಿಯುವ ಮೊದಲೇ ಹಾಡು ಒಡೆದು ಹೋಗಿತ್ತು. ಬೆಳಿಗ್ಗೆ ಕಾರ್ಖಾನೆಗೆ ರಜೆ ಹಾಕಿದೆ. ಇಬ್ಬರು ಗೆಳೆಯರನ್ನು ಬೈಕಿನ ಹಿಂದೆ ಬರಲು ಹೇಳಿ ಮಾರ್ಕೆಟ್ ಹಿಂದಿನ ಗಲ್ಲಿಗೆ ಹೋದೆ.

ಗೌಸುಸಾಬರು ಒಂದು ರೇಡಿಯೋ ತೆರೆದು ಬೆಸುಗೆ ಹಾಕುತ್ತಿದ್ದರು. ರಾಳದ ಹೊಗೆ ಎದ್ದಿತ್ತು. ಮಷೀನಿಗೆ ಏನು ಮಾಡಿದೆ ಎಂದು ಕೂಗಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ನೀವ ಹೇಳಿದ್ದ ಮಾಡೇನ್ರಿ" ಎಂದರು.

ಅಷ್ಟಕ್ಕೇ ಹೊಡೆದೆ. ಬಲಗೈ ಬಿಚ್ಚಿ, ಭುಜದ ಪೂರ್ತಿ ಬಲ ಹಾಕಿ, ಎಡಗೆನ್ನೆಗೆಂದು ಬೀಸಿದ್ದು ಕಿವಿಯ ಮೇಲೆ ಬಿತ್ತು. ಕೈಗೆ ಒಂದು ಪೊಳ್ಳು ಸದ್ದು ತಾಗಿತು. ಆ ಸದ್ದು ನನಗೆ ಈಗಲೂ ನೆನಪಿದೆ. ಪ್ರೆಸ್ಸಿನ ಗದ್ದಲದಲ್ಲೂ ಒಮ್ಮೊಮ್ಮೆ ಕೇಳುತ್ತದೆ. ಅವರು ಸ್ಟೂಲಿನಿಂದ ಕೆಳಗೆ ಬೀಳಲಿದ್ದವರು ಸಾವರಿಸಿಕೊಂಡು, ಮೊಟ್ಟಮೊದಲು ಕೈಯಲ್ಲಿದ್ದ ಕಾದ ಬೆಸುಗೆ ಕಡ್ಡಿಯನ್ನು ಅದರ ಸ್ಟ್ಯಾಂಡಿಗೆ ಇಟ್ಟರು. ಬೇಕಿದ್ದರೆ ನನ್ನ ಕಣ್ಣಿಗೆ ಚುಚ್ಚಬಹುದಿತ್ತು. ಆಮೇಲೆ ಅಂಗೈ ಕಿವಿಗೆ ಒತ್ತಿಕೊಂಡರು.

ಗಲ್ಲಿ ತುಂಬಿ ಬಂತು. ಪೆಟ್ಟಿಗೆ ಮಾಡುವವರು, ಸೈಕಲ್ ಅಂಗಡಿಯವರು, ಗಾದಿ ಹೊಲಿಯುವವರು. ಯಾರೋ ಬೆಲ್ಟಿನಿಂದ ನನ್ನ ಬೆನ್ನಿಗೆ ನಾಲ್ಕು ಕೊಟ್ಟರು, ಯಾರೋ ಸೈಕಲ್ ಬಿಚ್ಚುವ ಪಾನಾ ಎತ್ತಿದರು. ಗಲ್ಲಿಯ ಬಾಯಲ್ಲಿ ನನ್ನ ಗೆಳೆಯರು ಆಗಲೇ ಫೋನ್ ಕಿವಿಗೆ ಹಚ್ಚಿ, ನಮ್ಮ ಹುಡುಗನನ್ನು ಅವರು ಬಡಿಯುತ್ತಿದ್ದಾರೆ, ಮಂದಿ ಕರೆದುಕೊಂಡು ಬನ್ನಿ ಎಂದು ಚೀರುತ್ತಿದ್ದರು. ನಮ್ಮ ಅವಳಿ ಊರುಗಳಲ್ಲಿ ‘ನಮ್ಮವರು’, ‘ಅವರು’ ಎಂಬ ಎರಡು ಶಬ್ದ ಫೋನಿನಲ್ಲಿ ಹೋದರೆ ಆಮೇಲೆ ಏನೇನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅಂಗಡಿಗಳ ಶಟರು ದಡದಡ ಬೀಳತೊಡಗಿದವು. ಆ ಕ್ಷಣ ನನಗೆ ಹೆದರಿಕೆಯಾಯಿತು. ಹಾಡಿನ ರಾಜ ಊರು ಸುಟ್ಟದ್ದು ಹೀಗೆಯೇ ಎಂದು ಹೊಳೆಯಿತು.

ಗೌಸುಸಾಬರು ಎದ್ದು ನಿಂತರು. ಬೆರಳ ಸಂದಿನಿಂದ ರಕ್ತ ಇಳಿದು ಅಂಗಿಯ ತೋಳಿಗೆ ಹರಿಯುತ್ತಿತ್ತು. ಪಾನಾ ಹಿಡಿದವನ ಮುಂದೆ ಬಂದು ಅಡ್ಡ ನಿಂತರು.

"ಇದು ನಂದು ಇವರದು ಮಷೀನಿನ ಮಾತು," ಎಂದರು. "ಇದಕ್ಕ ಜಾತಿ ಹಚ್ಚಬ್ಯಾಡ್ರಿ. ಯಾರೂ ಫೋನ್ ಮಾಡಬ್ಯಾಡ್ರಿ." ನನ್ನತ್ತ ತಿರುಗಿ, "ನೀವು ಹೋಗ್ರಿ. ನಿಮ್ಮ ದೋಸ್ತರನ್ನ ಕರಕೊಂಡು ಈಗಿಂದೀಗ ಹೋಗ್ರಿ" ಎಂದರು.

ಜನ ದಾರಿ ಬಿಟ್ಟರು. ನಾನೇ ಗೆಳೆಯರ ಕೈಯಿಂದ ಫೋನ್ ಕಸಿದು, ಏನೂ ಆಗಿಲ್ಲ, ಬರಬೇಡಿ ಎಂದು ಹೇಳಿದೆ. ಪೊಲೀಸರ ತನಕ ಮಾತು ಹೋಗಲಿಲ್ಲ. ಕಾರ್ಖಾನೆಗೂ ಹೋಗಲಿಲ್ಲ. ನನ್ನ ಕೆಲಸ ಉಳಿದದ್ದು ಹಾಗೆ.

ಸರ್ ಮನೆಗೆ ಹೋದವನು ಹೊಡೆದು ಬಂದೆ ಎಂದೆ. ಅವರು ಮೆಚ್ಚುತ್ತಾರೆ ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಸರ್ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಮೇಜಿನ ಮೇಲೆ ಮಷೀನು ಬೋರಲು ಬಿದ್ದಿತ್ತು, ತಳದ ಹಲಗೆ ಬಿಚ್ಚಿತ್ತು. ವೇಗವನ್ನು ತಾವೇ ಇಳಿಸಲು ನೋಡಿ ಬಿಚ್ಚಿದ್ದರು. ಅವರು ಬೆರಳು ತೋರಿಸಿದಲ್ಲಿ ಪೆನ್ಸಿಲಿನ ದುಂಡು ಅಕ್ಷರಗಳಿದ್ದವು: ‘ಮಷೀನ್ ಬರೋಬ್ಬರಿ ಇತ್ತು. ಮಾಲಕರ ಮಾತಿಗೆ ಸ್ಪೀಡ್ ಏರಿಸೇನಿ.’ ಕೆಳಗೆ ಸಹಿ.

ಪಕ್ಕದಲ್ಲಿ ಅವರ ಫೋನಿನಲ್ಲಿ ವಿದ್ಯಾರ್ಥಿನಿಯ ಉತ್ತರವೂ ಬಂದಿತ್ತು. ಮುನ್ನೂರು ವರ್ಷದ ಹಿಂದೆ ಆ ದೇಶಗಳಲ್ಲಿ ಶ್ರುತಿ ಈಗಿನದಕ್ಕಿಂತ ಕೆಳಗೇ ಇರುತ್ತಿತ್ತಂತೆ. ಹಳೆಯ ವಾದ್ಯ ಹಿಡಿದ ತಂಡಗಳು ಬೇಕೆಂದೇ ಅರ್ಧ ಸ್ವರ ಇಳಿಸಿ ನುಡಿಸುತ್ತವಂತೆ. ಸರ್ ನಲವತ್ತು ವರ್ಷ ಕೇಳಿದ್ದು ಈ ಕಾಲದ ಶ್ರುತಿಯ ರೆಕಾರ್ಡ್, ಎರಡೂ ಸರಿ. ಆ ಸಂಗೀತದ ಒಂದು ಸಾಲನ್ನೂ ಮುಂಚೆ ಕೇಳಿರದ ಗೌಸುಸಾಬರು ಐದು ನಿಮಿಷದಲ್ಲಿ ಇದನ್ನು ಹೇಳಿದ್ದರು.

"ಬಸವರಾಜ, ಕೈ ನಿಂದು. ಸಿಟ್ಟು ಕಲಿಸಿದಾಂವ ನಾನು," ಎಂದರು ಸರ್. ಆಮೇಲೆ ಮಕ್ಕಳ ಹಾಗೆ ಅತ್ತರು. ನನಗೆ ಅಳು ಬರಲಿಲ್ಲ. ಅಳುವುದಕ್ಕೂ ನನಗೆ ಹೇಸಿಕೆಯಾಗುತ್ತಿತ್ತು, ಭಜನೆಯಲ್ಲಿ ಅಳುತ್ತಿದ್ದ ಅಪ್ಪ ಕಣ್ಣ ಮುಂದಿದ್ದ.

ಒಂದು ತಿಂಗಳು ಆ ಗಲ್ಲಿಗೆ ಹೋಗಲು ಧೈರ್ಯ ಬರಲಿಲ್ಲ. ಸರ್ ಹೋಗಿ ಬಂದು ಸುದ್ದಿ ಹೇಳುತ್ತಿದ್ದರು. ಕಿವಿಯ ತಮಟೆ ಹರಿದಿದೆ, ತಾನಾಗಿ ಕೂಡುತ್ತದೆ ಎಂದಿದ್ದ ಡಾಕ್ಟರು ಆಮೇಲೆ ಕೂಡಲಿಲ್ಲ ಎಂದರು. ಆ ಹಸಿ ಹವೆಯಲ್ಲಿ ಕೀವು ಸೋರಿ ಸೋರಿ, ಕೊನೆಗೆ ಕಿವಿ ಹೋಯಿತು. ಒಳಗೆ ಯಾವಾಗಲೂ ಒಂದು ಸಿಳ್ಳೆ ಹೊಡೆಯುತ್ತಿರುತ್ತದಂತೆ. ಹಾಡುಗಾರರು ಶ್ರುತಿಪೆಟ್ಟಿಗೆ ತರುವುದು ಒಬ್ಬೊಬ್ಬರಾಗಿ ನಿಂತಿತು.

ದೀಪಾವಳಿ ಮುಂಚೆ, ಮಳೆ ಪೂರ್ತಿ ಹೋದ ಮೇಲೆ, ಮಷೀನನ್ನು ಅದೇ ಗೋಣಿಚೀಲದಲ್ಲಿ ಸುತ್ತಿಕೊಂಡು ಒಬ್ಬನೇ ಹೋದೆ. ಅಂಗಡಿಯ ಮುಂದೆ ನಿಂತು, ತಪ್ಪಾಯಿತು ಎಂದೆ. ಅವರಿಗೆ ಕೇಳಿಸಲಿಲ್ಲ. ನಾನು ನಿಂತದ್ದು ಅವರ ಎಡಕ್ಕೆ. ತಲೆ ಎತ್ತಿ ನನ್ನನ್ನು ಕಂಡು, ಸ್ಟೂಲು ತಿರುಗಿಸಿ ಬಲಗಿವಿಯನ್ನು ನನ್ನತ್ತ ಮಾಡಿದರು.

"ಈ ಕಡಿಂದ ಹೇಳ್ರಿ."

ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವಾಗ ಆ ಮಾತು ಎಷ್ಟು ಸಣ್ಣದೆಂದು ತಿಳಿಯಿತು. ಚಿಕಿತ್ಸೆಗೆ ಏನು ಬೇಕಾದರೂ ಮಾಡುತ್ತೇನೆ ಎಂದೆ, ಅವರು ಬೇಡವೆಂದು ತಲೆಯಾಡಿಸಿದರು. "ಮಾಫಿ ನನ್ನ ಕಡಿಂದ ಆಗೂದಿಲ್ಲರಿ. ಸುಳ್ಳ ಹೂಂ ಅಂದ್ರ ನಿಮಗೂ ಗೊತ್ತಾಕ್ಕೈತಿ. ಮಷೀನ್ ಇಟ್ಟು ಹೋಗ್ರಿ, ಸ್ಪೀಡ್ ಸರಿ ಮಾಡಿ ಕೊಡತೇನಿ" ಎಂದರು. ಎಂಟು ದಿನಕ್ಕೆ ಸರ್ ಹೋಗಿ ಮಷೀನು ತಂದರು. ಅದರ ಮೇಲೆ ಮತ್ತೆ ಯಾರೂ ಆ ಪ್ಲೇಟು ಹಚ್ಚಲಿಲ್ಲ.

ನಾಲ್ಕು ವರ್ಷದ ಹಿಂದೆ ಸರ್ ತೀರಿಕೊಂಡರು. ಮಷೀನು ಬಸವರಾಜನಿಗೆ ಹೋಗಬೇಕು ಎಂದು ಮಗಳಿಗೆ ಹೇಳಿದ್ದರಂತೆ. ಪ್ಲೇಟಿನ ಸಮೇತ ಅದು ನನ್ನ ಮನೆಯ ಅಟ್ಟ ಸೇರಿತು. ಗೌಸುಸಾಬರ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಅವರು ಗದಗಿನ ಮಗಳ ಮನೆಗೆ ಹೋಗಿ ಅಲ್ಲೇ ಮಣ್ಣಾದರೆಂದು ಪೆಟ್ಟಿಗೆ ಅಂಗಡಿಯವರು ಹೇಳಿದರು. ಸುದ್ದಿ ನನಗೆ ತಿಳಿದದ್ದು ವರ್ಷ ಕಳೆದ ಮೇಲೆ. ಆ ಮಳೆಗಾಲದಿಂದ ಈಚೆಗೆ ನಾನು ಯಾರ ಮೇಲೂ ಕೈ ಎತ್ತಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಅದಕ್ಕೆ ತೆತ್ತವರು ಬೇರೆಯವರು.

ಕಿವಿ ಪರೀಕ್ಷೆಯ ದಿನ ಮನೆಗೆ ಬಂದವನೇ ಅಟ್ಟ ಹತ್ತಿ ಮಷೀನು ಇಳಿಸಿದೆ. ಧೂಳು ಒರೆಸಿ ಹಚ್ಚಿದರೆ ತಿರುಗಲಿಲ್ಲ, ಒಳಗಿನ ರಬ್ಬರಿನ ಬೆಲ್ಟು ಹರಿದಿತ್ತು. ಮರುದಿನ ಬೆಲ್ಟು ತಂದು, ಮೊದಲ ಸಲ ನನ್ನ ಕೈಯಾರೆ ತಳದ ಹಲಗೆ ಬಿಚ್ಚಿದೆ. ಮೊದಲ ಸಾಲುಗಳು ಇದ್ದವು. ಅವುಗಳ ಕೆಳಗೆ, ನಾನು ನೋಡಿರದ ಇನ್ನೆರಡು ಸಾಲು. ಅಕ್ಷರ ಅದೇ ದುಂಡು, ಅದೇ ಪೆನ್ಸಿಲು:

‘ಸ್ಪೀಡ್ ಮೊದಲಿನ ಜಾಗಾಕ್ಕ ತಂದೇನಿ. ಒಂದ ಕಿವೀಲೆ ನೋಡೇನಿ, ಇನ್ನೊಬ್ಬರ ಕಡೆ ತಪಾಸ ಮಾಡಸ್ಕೋರಿ.’

ಬೈಗುಳವಿಲ್ಲ, ಯಾರ ಹೆಸರೂ ಇಲ್ಲ. ಮುಂದೆ ಬಿಚ್ಚುವವನಿಗೆ ತಿಳಿಯಬೇಕಾದಷ್ಟು ಮಾತ್ರ. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಅವತ್ತು ಅತ್ತೆ. ಹೆಂಡತಿ ಬಾಗಿಲಿಗೆ ಬಂದು ನಿಂತಳು.

ಹೊಸ ಬೆಲ್ಟು ಹಾಕಿದೆ. ಆ ಪ್ಲೇಟು ಏರಿಸಿ, ಅಂಚಿಗೆ ಕಾಗದದ ಚೂರು ಅಂಟಿಸಿ, ಕೈಗಡಿಯಾರ ಮುಂದಿಟ್ಟುಕೊಂಡು ಎಣಿಸಿದೆ. ಮೂರು ಸಲ ಎಣಿಸಿದೆ. ಮೂವತ್ತಮೂರು ಸುತ್ತು, ಮೇಲೆ ಮೂರರಲ್ಲೊಂದು ಪಾಲು. ಆಮೇಲೆ ನನ್ನ ಮಗಳ ಪೆನ್ಸಿಲು ತೆಗೆದುಕೊಂಡು ಅವರ ಸಹಿಯ ಕೆಳಗೆ ಬರೆದೆ: ‘ತಪಾಸ ಮಾಡೇನಿ. ಬರೋಬ್ಬರಿ ಐತಿ. ಆ ಇನ್ನೊಂದು ಕಿವಿ ಕೆಡಿಸಿದಾಂವ ನಾನ.’ ಸಹಿ ಮಾಡಿ, ಹಲಗೆ ಮುಚ್ಚಿ, ನಾಲ್ಕೂ ಸ್ಕ್ರೂ ಬಿಗಿದೆ.